ಗುಬ್ಬಿ ಫಾಂಟ್ ಉಳಿಸಿಕೊಂಡು ಉಬುಂಟು ಹಗುರ ಮಾಡಿದ ಭಾನುವಾರ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕು, ಹೈಸ್ಕೂಲೊಂದರ ಕಂಪ್ಯೂಟರ್ ಕೊಠಡಿ. ಯಂತ್ರಗಳಲ್ಲೆಲ್ಲ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ 22.04 ಆವೃತ್ತಿ. ಅವನ್ನು 24.04ಕ್ಕೆ ಏರಿಸಲು ಭಾನುವಾರ ಕೂತೆವು. ಮಧ್ಯಾಹ್ನದ ತನಕ ಬೇಡದ್ದನ್ನು ತೆಗೆಯುವುದೇ ಕೆಲಸವಾಯಿತು. ಅಪ್‌ಗ್ರೇಡ್ ಅರ್ಧಕ್ಕೆ ನಿಂತ ಯಂತ್ರವನ್ನು ಎಬ್ಬಿಸುವ ಕಷ್ಟ ಗೊತ್ತಿದ್ದವರು ಈ ಹೊತ್ತನ್ನು ದಂಡ ಎನ್ನುವುದಿಲ್ಲ.

ಮೊದಲು ನೋಡಿದ್ದು ಬೂಟ್ ವಿಭಾಗ, ಅಂದರೆ ಯಂತ್ರ ಏಳಲು ಬೇಕಾದ ಫೈಲುಗಳಿರುವ ಡಿಸ್ಕಿನ ಭಾಗ. ಕೆಲವು ಯಂತ್ರಗಳಲ್ಲಿ ಅದಕ್ಕೆ ಬೇರೆಯಾಗಿ 500 ಎಂಬಿ ಅಷ್ಟೇ ಕೊಟ್ಟಿದ್ದರು. ಒಂದೊಂದು ಕರ್ನೆಲ್ಲೂ (ವ್ಯವಸ್ಥೆಯ ತಿರುಳು) ತನ್ನ ಇನಿಟ್‌ಆರ್‌ಡಿ (ಏಳುವಾಗ ಮೊದಲು ಬೇಕಾಗುವ ಫೈಲುಗಳ ಗಂಟು) ಸಮೇತ ಅಲ್ಲಿ ಸುಮಾರು 100 ಎಂಬಿ ತಿನ್ನುತ್ತದೆ. ಹಳೆಯವು ಮೂರ್ನಾಲ್ಕು ಉಳಿದರೆ ಹೊಸದಕ್ಕೆ ಜಾಗವೆಲ್ಲಿ? ಈಗ ಓಡುತ್ತಿರುವುದು ಯಾವುದೆಂದು 'ಯುನೇಮ್ -ಆರ್' ಹೇಳುತ್ತದೆ. ಅದನ್ನೂ ಅದರ ಹಿಂದಿನ ಒಂದನ್ನೂ ಇಟ್ಟುಕೊಂಡು ಉಳಿದವನ್ನು ಪ್ಯಾಕೇಜುಗಳನ್ನು (ತಂತ್ರಾಂಶದ ಕಟ್ಟುಗಳನ್ನು) ಹಾಕುವ, ತೆಗೆಯುವ ಸಾಧನವಾದ ಆಪ್ಟ್ ಮೂಲಕವೇ ತೆಗೆಯಬೇಕು. ಫೈಲುಗಳನ್ನು ಕೈಯಾರೆ ಅಳಿಸಿದರೆ ಪ್ಯಾಕೇಜು ಇನ್ನೂ ಇದೆ ಎಂದೇ ಆಪ್ಟ್‌ನ ಅಡಿಯಲ್ಲಿ ಪ್ಯಾಕೇಜುಗಳ ಲೆಕ್ಕವಿಡುವ ಡಿಪಿಕೆಜಿ ನಂಬಿಕೊಂಡಿರುತ್ತದೆ, ಮುಂದೆ ಅಲ್ಲೇ ಎಡವುತ್ತದೆ. 'ಆಪ್ಟ್ ಕ್ಲೀನ್' ಕೊಟ್ಟರೆ ಡೌನ್‌ಲೋಡ್ ಆಗಿ ಬಿದ್ದಿದ್ದ ಡೆಬ್ ಎಂಬ ಪ್ಯಾಕೇಜು ಫೈಲುಗಳೂ ಹೋಗುತ್ತವೆ.

ಆದರೆ ಅಪ್‌ಗ್ರೇಡನ್ನು ನಿಜವಾಗಿ ಕೆಡಿಸುವುದು ಜಾಗದ ಕೊರತೆಗಿಂತ ಹೊರಗಿನಿಂದ ಬಂದ ಪ್ಯಾಕೇಜುಗಳು. ಯಾರೋ ಯಾವಾಗಲೋ ಸೇರಿಸಿದ ಪಿಪಿಎ ಎಂಬ ಹೊರಗಿನ ಪ್ಯಾಕೇಜು ಭಂಡಾರಗಳನ್ನು ಅಪ್‌ಗ್ರೇಡರ್ ತಾನೇ ಬಂದ್ ಮಾಡುತ್ತದೆ ನಿಜ. ಅವುಗಳಿಂದ ಬಂದ ಪ್ಯಾಕೇಜುಗಳು ಮಾತ್ರ ಹಾಗೇ ಕೂತಿರುತ್ತವೆ. ಅವುಗಳ ಆವೃತ್ತಿ ಉಬುಂಟುವಿನದಕ್ಕಿಂತ ಮುಂದಿದ್ದರೆ ಅವಲಂಬನೆಗಳ ಲೆಕ್ಕ ಕೂಡದೆ ಅಪ್‌ಗ್ರೇಡ್ ಶುರುವಿನಲ್ಲೇ ಕೈಚೆಲ್ಲಬಹುದು. 'ಪಿಪಿಎ-ಪರ್ಜ್' ಅವನ್ನು ಉಬುಂಟುವಿನ ಮೂಲ ಆವೃತ್ತಿಗೆ ಇಳಿಸುತ್ತದೆ. ಅಪ್‌ಡೇಟ್ ಆಗದಂತೆ ತಡೆಹಿಡಿದ ಪ್ಯಾಕೇಜುಗಳನ್ನು 'ಆಪ್ಟ್-ಮಾರ್ಕ್ ಶೋಹೋಲ್ಡ್' ತೋರಿಸುತ್ತದೆ. ವೈಫೈ ಡಾಂಗಲ್‌ಗೆಂದು ಹಾಕಿದ್ದ, ಕರ್ನೆಲ್ ಬದಲಾದಾಗಲೆಲ್ಲ ಹೊಸದಾಗಿ ಕಂಪೈಲ್ ಆಗಬೇಕಾದ ಡಿಕೆಎಂಎಸ್ ಡ್ರೈವರನ್ನೂ ತೆಗೆದೆವು. ಹೊಸ ಕರ್ನೆಲ್‌ಗೆ ಅದು ಕಂಪೈಲ್ ಆಗದಿದ್ದರೆ ಕರ್ನೆಲ್ ಪ್ಯಾಕೇಜಿನ ಸ್ಥಾಪನೆಯೇ ಅರ್ಧಕ್ಕೆ ನಿಲ್ಲಬಹುದು. ಡಾಂಗಲ್ ಹೋದ ಮೇಲೆ ಇಂಟರ್ನೆಟ್‌ಗೆ ಕೇಬಲ್ಲೇ ಗತಿ, ಅದನ್ನು ಮೊದಲೇ ಎಳೆದಿಟ್ಟಿರಬೇಕು.

ಇನ್ನು ಆಟೋರಿಮೂವ್, ಅಂದರೆ ಬೇರೊಂದರ ಜೊತೆ ತಾನಾಗಿ ಬಂದು ಈಗ ಯಾವುದಕ್ಕೂ ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ಆದೇಶ. ಅದರ ಪಟ್ಟಿಯನ್ನು ಓದದೆ ವೈ ಒತ್ತಬಾರದು. ಒಂದು ಯಂತ್ರದಲ್ಲಿ ಯಾರಿಗೂ ಬೇಡವೆಂದು ಬಂಗಾಳಿ ಫಾಂಟ್ ತೆಗೆದಿದ್ದರು. ಅದರ ಜೊತೆಗೆ ಫಾಂಟ್ಸ್-ಇಂಡಿಕ್ ಎಂಬ ಮೆಟಾ ಪ್ಯಾಕೇಜೂ (ಬೇರೆ ಪ್ಯಾಕೇಜುಗಳನ್ನು ಎಳೆದು ತರುವುದಷ್ಟೇ ಇದರ ಕೆಲಸ) ಹೋಗಿತ್ತು, ಏಕೆಂದರೆ ಅದು ಎಲ್ಲ ಭಾರತೀಯ ಲಿಪಿಗಳ ಫಾಂಟುಗಳನ್ನೂ ಅವಲಂಬಿಸುತ್ತದೆ. ಆಮೇಲೆ ಕನ್ನಡದ ಫಾಂಟುಗಳನ್ನು ಹಿಡಿದಿಡುವವರೇ ಇಲ್ಲ. 'ಆಪ್ಟ್ -ಎಸ್ ಆಟೋರಿಮೂವ್' ಎಂದು ನಟನೆಯಲ್ಲಷ್ಟೇ ಓಡಿಸಿದಾಗ ಫಾಂಟ್ಸ್-ನಾವಿಲು, ಈ ತಾಲ್ಲೂಕಿನ ಹೆಸರನ್ನೇ ಹೊತ್ತ ಫಾಂಟ್ಸ್-ಗುಬ್ಬಿ, ಎರಡೂ ತೆಗೆಯುವ ಪಟ್ಟಿಯಲ್ಲಿದ್ದವು! ಕನ್ನಡ ಮಾಧ್ಯಮದ ಮಕ್ಕಳು ಕೂರುವ ಕೊಠಡಿಯಲ್ಲಿ ಅಕ್ಷರದ ಬದಲು ಖಾಲಿ ಚೌಕ ಕಾಣುವುದನ್ನು ಸಹಿಸಲಾಗದು. 'ಆಪ್ಟ್-ಮಾರ್ಕ್ ಮ್ಯಾನ್ಯುಯಲ್' ಎಂದು ಬರೆದು ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಆಟೋರಿಮೂವ್ ಅದರ ತಂಟೆಗೆ ಬರುವುದಿಲ್ಲ. ಈ ಎರಡಕ್ಕೂ, ಲೋಹಿತ್ ಕನ್ನಡ ಫಾಂಟಿಗೂ, ಕಗಪ ಕೀಲಿಮಣೆಗೆ ಬೇಕಾದ ಐಬಸ್-ಎಂ17ಎನ್‌ಗೂ ಎಲ್ಲ ಯಂತ್ರಗಳಲ್ಲಿ ಈ ಗುರುತು ಹಾಕಿದೆವು.

ಬಳಿಕ 22.04ರ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿ ರೀಬೂಟ್. ಇದಾಗದೆ ಆವೃತ್ತಿ ಏರಿಸುವ 'ಡು-ರಿಲೀಸ್-ಅಪ್‌ಗ್ರೇಡ್' ಆದೇಶ ಮುಂದಕ್ಕೆ ಬಿಡುವುದಿಲ್ಲ. ಯುಪಿಎಸ್ ಒಂದೇ ಇದ್ದದ್ದರಿಂದ ಅದಕ್ಕೆ ತಡೆಯುವಷ್ಟು ಯಂತ್ರಗಳನ್ನೇ ಒಂದು ಸಲಕ್ಕೆ ಹಚ್ಚಿದೆವು. ಪ್ಯಾಕೇಜು ಬಿಚ್ಚುವ ಹೊತ್ತಿಗೆ ಕರೆಂಟು ಹೋದರೆ 'ಡಿಪಿಕೆಜಿ --ಕಾನ್ಫಿಗರ್ -ಎ' ಬಹಳಷ್ಟು ಸಲ ಕಾಪಾಡುತ್ತದೆ, ಪ್ರತಿಸಲವೂ ಅಲ್ಲ.

ಕೊನೆಗೆ ಅಪ್‌ಗ್ರೇಡರ್ ಬಳಕೆ ತಪ್ಪಿದ ಪ್ಯಾಕೇಜುಗಳನ್ನು ತೆಗೆಯಲೇ ಎಂದು ಮತ್ತೆ ಕೇಳುತ್ತದೆ. ಅಲ್ಲಿ ಡಿ ಒತ್ತಿದರೆ ಪೂರ್ತಿ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಕನ್ನಡಕ್ಕೆ ಸೇರಿದ್ದು ಏನೂ ಇಲ್ಲವೆಂದು ನೋಡಿಕೊಂಡೇ ಪ್ರತಿ ಯಂತ್ರದಲ್ಲೂ ವೈ ಒತ್ತಿದ್ದು.