ಜಾಗ ಇತ್ತು, ಬಿಸಿ ಹೋಗಲು ದಾರಿ ಇರಲಿಲ್ಲ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಮಾಡುವುದು ನನ್ನ ಕೆಲಸ. ಬ್ಯಾಡಗಿ ಕಡೆಯ ಒಂದು ಮೆಣಸಿನಪುಡಿ ಮಿಲ್ಲಿಗೆ ಪ್ಯಾನೆಲ್ ಕೊಟ್ಟಿದ್ದೆ. ಅಲ್ಲಿ ಗಾಳಿಯಲ್ಲೇ ಖಾರ. ಒಂದು ತೂತೂ ಬಿಡದೆ, ಬಾಗಿಲಿಗೆ ಗ್ಯಾಸ್ಕೆಟ್ ಹಾಕಿ ಬಿಗಿಯಾಗಿ ಮುಚ್ಚಿದ್ದೆ. ಎರಡು ವರ್ಷ ಚೆನ್ನಾಗಿ ನಡೆಯಿತು.

ಆಮೇಲೆ ಅವರು 15 ಎಚ್‌ಪಿಯ ಎರಡು ಹೊಸ ಮೋಟಾರು ತಂದರು. ಅವುಗಳ ಡ್ರೈವ್, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಸಾಧನ, ಇದರಲ್ಲೇ ಕೂಡಿಸಿ ಅಂದರು. ಟೇಪ್ ಹಿಡಿದು ಅಳೆದೆ. ಜಾಗ ಇತ್ತು. ಹಾಕಿ ಬಂದೆ. ಏಪ್ರಿಲ್‌ನಲ್ಲಿ ಆಪರೇಟರ್ ಫೋನು: "ಸರ, ಮುಂಜಾನೆ ಛಲೋ ಓಡ್ತೈತ್ರಿ, ಮಧ್ಯಾಹ್ನ ಆತಂದ್ರ ಟ್ರಿಪ್ ಆಗಿಬಿಡ್ತೈತ್ರಿ."

ಡ್ರೈವ್ ತಾನು ಸಾಗಿಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ಮೂರು ಪಾಲನ್ನು ಬಿಸಿಯಾಗಿ ಬಿಡುತ್ತದೆ. ಎರಡೂ ಸೇರಿ 600 ವ್ಯಾಟ್‌ಗಿಂತ ಜಾಸ್ತಿ. ಮುಚ್ಚಿದ ಪೆಟ್ಟಿಗೆಯೊಳಗೆ ಇಸ್ತ್ರಿ ಹಚ್ಚಿಟ್ಟ ಹಾಗೆ. ಫ್ಯಾನ್ ಕೂರಿಸೋಣ ಅಂದರೆ ತೂತು ಕೊರೆಯಬೇಕು, ಖಾರದ ಪುಡಿ ಒಳಗೆ ಬರುತ್ತದೆ.

ಆ ದಿನಗಳಲ್ಲೇ ಎಫ್-35 ಯುದ್ಧವಿಮಾನದ ಬಗ್ಗೆ ಓದುತ್ತಿದ್ದೆ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಬಂದಿತ್ತಲ್ಲ, ಅದೇ. ಓದುತ್ತಾ ಹೋದರೆ ನನ್ನ ಪ್ಯಾನೆಲ್‌ನದೇ ಕಥೆ. ರೇಡಾರ್‌ಗೆ ಕಾಣಬಾರದು ಅಂದರೆ ಮೈಮೇಲೆ ಎಲ್ಲೆಂದರಲ್ಲಿ ಗಾಳಿಕಿಂಡಿ ತೆರೆಯುವ ಹಾಗಿಲ್ಲ. ಬಾಂಬು, ಕ್ಷಿಪಣಿ ಕೂಡ ಹೊಟ್ಟೆಯೊಳಗೇ ಇರಬೇಕು. ಒಳಗಿನ ರೇಡಾರ್, ಕಂಪ್ಯೂಟರ್‌ಗಳ ಬಿಸಿಯನ್ನು ಬಹುಪಾಲು ಟ್ಯಾಂಕಿನ ಇಂಧನವೇ ಹೀರಿಕೊಳ್ಳುತ್ತದೆ. ಇಂಧನವೇ ಬಿಸಿಯಾಗಿದ್ದರೆ? ಅಮೆರಿಕದ ಅರಿಜೋನಾದಲ್ಲಿ ಲ್ಯೂಕ್ ವಾಯುನೆಲೆಯವರು ಅದಕ್ಕೇ ಇಂಧನದ ಟ್ಯಾಂಕರ್‌ಗಳಿಗೆ ಬಿಳಿ ಬಣ್ಣ ಹೊಡೆದಿದ್ದರು. ಇದನ್ನು ಓದಿದಾಗ ನಮ್ಮೂರಿನ ಏಪ್ರಿಲ್ ಬಿಸಿಲು ನೆನಪಾಯಿತು.

ಆ ವಿಮಾನದ ಕೂಲಿಂಗನ್ನು ಮೊದಲು ಲೆಕ್ಕ ಹಾಕಿದ್ದು 14 ಕಿಲೋವ್ಯಾಟ್‌ಗೆ. ಉಪಕರಣ ಹೆಚ್ಚುತ್ತಾ ಹೋದಂತೆ ಬೇಕಾದದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಅದಕ್ಕಾಗಿ ಎಂಜಿನ್‌ನಿಂದ ಹೆಚ್ಚು ಗಾಳಿ ಎಳೆಯಬೇಕಾಯಿತು. ಎಂಜಿನ್ ಬೇಗ ಸವೆಯತೊಡಗಿತು. ಬ್ಲಾಕ್ 4 ಎಂಬ ಅಪ್‌ಗ್ರೇಡ್‌ಗೆ ಇನ್ನೂ ಕೂಲಿಂಗ್ ಬೇಕು. ಹೀಗಾಗಿ 2023ರಲ್ಲಿ ಎಂಜಿನ್ನನ್ನೇ ಸುಧಾರಿಸಲು ನಿರ್ಧರಿಸಿದರು. ಶಬ್ದದ 1.6 ಪಟ್ಟು ವೇಗದಲ್ಲಿ ಹಾರುವ ವಿಮಾನಕ್ಕೆ ತೊಡಕಾಗಿದ್ದು ವೇಗವಲ್ಲ, ಬಿಸಿ. ಎಷ್ಟೊಂದು ಜಾಣರು ಕೂತು ಮಾಡಿದ್ದು, ಅಲ್ವಾ?

ಓದಿ ಸಮಾಧಾನ ಆಗಲಿಲ್ಲ, ಭಯವಾಯಿತು. ಆ ಮಿಲ್ಲಿನಲ್ಲಿ ಮೂರು ವಾರ ಮಧ್ಯಾಹ್ನದ ಪಾಳಿ ನಿಂತಿತ್ತು. ಕೂಲಿಯವರಿಗೆ ಅಷ್ಟು ದಿನದ ಅರ್ಧ ಸಂಬಳ ಹೋಯಿತು. ಅದು ನನ್ನ ಟೇಪಿನ ತಪ್ಪು.

ಕೊನೆಗೆ ಆ ಎರಡೂ ಡ್ರೈವ್ ಬಿಚ್ಚಿ, ಪುಡಿ ಬಾರದ ಪಕ್ಕದ ಕೋಣೆಯಲ್ಲಿ ಬೇರೆ ಪ್ಯಾನೆಲ್ ಮಾಡಿ ಕೂರಿಸಿದೆ. ಖರ್ಚು ನಮ್ಮದೇ. ಈಗ ಡ್ರಾಯಿಂಗ್ ಹಾಕುವ ಮೊದಲು ಮಾಲೀಕರ ಜೊತೆ ಚಹಾ ಕುಡಿಯುತ್ತಾ ಕೇಳುತ್ತೇನೆ: ಇನ್ನು ಐದು ವರ್ಷದಲ್ಲಿ ಯಾವ ಮಷೀನು ತರುತ್ತೀರಿ? ಅದರ ಬಿಸಿಯನ್ನೂ ಇವತ್ತೇ ಕೂಡಿಸಿ, 45 ಡಿಗ್ರಿ ಸೆಕೆಗೆ ಲೆಕ್ಕ ಹಾಕುತ್ತೇನೆ.

ನಮ್ಮದೇ ಸ್ಟೆಲ್ತ್ (ರೇಡಾರ್‌ಗೆ ಸುಲಭವಾಗಿ ಕಾಣದ) ವಿಮಾನ ಆಮ್ಕಾಗೆ 2024ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಬೆಂಗಳೂರಿನಲ್ಲಿ ಅದರ ವಿನ್ಯಾಸ ನಡೆದಿದೆ. ಅದರ ಸುದ್ದಿ ಬಂದಾಗಲೆಲ್ಲ ವೇಗದ ಅಂಕಿ ಬಿಟ್ಟು, ಕೂಲಿಂಗ್ ಬಗ್ಗೆ ಏನಾದರೂ ಬರೆದಿದ್ದಾರಾ ಅಂತ ಹುಡುಕುತ್ತೇನೆ.