ದಂಡ ಕಟ್ಟಿ ಉಳಿಸಿಕೊಂಡ ಕಪ್

"ಹಾಗಾದ್ರೆ ಅವರು ದುಡ್ಡು ಕೊಟ್ಟು ಕಪ್ ಇಟ್ಕೊಂಡ್ರಾ?"

ಮೊನ್ನೆ ಪಕ್ಕದ ಮನೆ ಸೋಫಾ ಮೇಲೆ ಕೂತು, ಬಾಯಿ ತುಂಬ ಚಿಪ್ಸ್ ಇಟ್ಟುಕೊಂಡೇ ನನ್ನ ಮಗಳು ಕೇಳಿದ ಪ್ರಶ್ನೆ ಇದು. ಕೇಳಿದ್ದು ಆ ಮನೆಯ ಅಳಿಯನನ್ನು. ಮೂರನೇ ಕ್ಲಾಸಿನ ಹುಡುಗಿ. ಆರ್‌ಸಿಬಿ ಅಭಿಮಾನಿಯ ಮನೆಯಲ್ಲಿ ಹುಟ್ಟಿದ ತಪ್ಪಿಗೆ ಪ್ರಪಂಚದ ಎಲ್ಲ ಟ್ರೋಫಿಯೂ ಅವಳಿಗೆ ಕಪ್ಪೇ. ಅಳಿಯ ನಗೋಕೆ ನೋಡಿದ, ಆಗಲಿಲ್ಲ. ಮಾವ ತೊಡೆ ತಟ್ಟಿಕೊಂಡು ನಕ್ಕಿದ್ದು ನಮ್ಮನೆ ತನಕ ಕೇಳಿಸಿತಂತೆ.

2025ರ ನವೆಂಬರ್ 29, ಶನಿವಾರ. ನಾವಿರೋದು ಒಹಾಯೋದ ಕೊಲಂಬಸ್‌ನಲ್ಲಿ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಅಂದರೆ ಒಹಾಯೋ ಸ್ಟೇಟ್ ಮತ್ತು ಮಿಶಿಗನ್ ಯೂನಿವರ್ಸಿಟಿಗಳ ಫುಟ್‌ಬಾಲ್ ಪಂದ್ಯ. ಇದು ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡೋದೇ ಜಾಸ್ತಿ. ಇವರಿಬ್ಬರು ಮೊದಲ ಸಲ ಆಡಿದ್ದು 1897ರಲ್ಲಿ. ಕಾಲೇಜು ಹುಡುಗರ ಆಟ ಅಂದಾಕ್ಷಣ ನಮ್ಮ ಇಂಟರ್‌ಕಾಲೇಜು ಮ್ಯಾಚು ನೆನೆಸಿಕೊಳ್ಳಬೇಡಿ. ಮಿಶಿಗನ್ ಸ್ಟೇಡಿಯಂನಲ್ಲಿ 1,07,601 ಸೀಟು. ನಮ್ಮೂರಿನದರಲ್ಲೂ ಲಕ್ಷದ ಮೇಲೆ. ಒಹಾಯೋ ಸ್ಟೇಟ್ ಕೋಚ್ ರಯಾನ್ ಡೇ ಸಂಬಳ ವರ್ಷಕ್ಕೆ 1.25 ಕೋಟಿ ಡಾಲರ್. ಸರ್ಕಾರಿ ಯೂನಿವರ್ಸಿಟಿಯ ನೌಕರ ರೀ!

ಈ ಎರಡು ರಾಜ್ಯಗಳ ಜಗಳ ಫುಟ್‌ಬಾಲಿಗಿಂತ ಹಳೆಯದು. 1835ರಲ್ಲಿ ಟೊಲೀಡೊ ಪಟ್ಟಣ ಯಾರದ್ದು ಅಂತ ಎರಡೂ ಕಡೆಯವರು ಬಂದೂಕು ಕೊಟ್ಟು ಜನ ಕಳಿಸಿದ್ದರು. ಬೆಳಗಾವಿ ಗಡಿ ಗಲಾಟೆ ಕೇಳುತ್ತಾ ಬೆಳೆದವರಿಗೆ ಇದನ್ನೇನೂ ಬಿಡಿಸಿ ಹೇಳಬೇಕಿಲ್ಲ. ಒಹಾಯೋ ಸ್ಟೇಟ್‌ನ ಹಳೇ ಕೋಚ್ ವುಡಿ ಹೇಯ್ಸ್ ಮಿಶಿಗನ್ ಅನ್ನೋ ಹೆಸರನ್ನೇ ಬಾಯಲ್ಲಿ ಆಡುತ್ತಿರಲಿಲ್ಲ, 'ಆ ಮೇಲಿನ ಟೀಮು' ಅನ್ನುತ್ತಿದ್ದರು. ನಮ್ಮ ಪಕ್ಕದ ಮನೆ ಯಜಮಾನರದ್ದೂ ಅದೇ ಮಡಿ. ಪಂದ್ಯದ ವಾರ ಕ್ಯಾಂಪಸ್‌ನಲ್ಲಿ ಬೋರ್ಡುಗಳ ಮೇಲಿರುವ ಎಂ ಅಕ್ಷರಕ್ಕೆಲ್ಲ ಕೆಂಪು ಟೇಪು ಅಂಟಿಸಿ ಕಾಟು ಹಾಕುತ್ತಾರೆ. ನನ್ನ ಮಗಳ ಹೆಸರು ಶುರುವಾಗೋದೇ ಎಂನಿಂದ. ಅವಳಿಗೆ ಅಂತ ಇಟ್ಟಿದ್ದ ಪೇಪರ್ ಲೋಟದ ಮೇಲೆ ಯಜಮಾನರು ಚೆಂದವಾಗಿ ಹೆಸರು ಬರೆದು, ಎಂ ಮೇಲೆ ಕೆಂಪು ಪೆನ್ನಲ್ಲಿ ಎರಡು ಅಡ್ಡಗೀಟು ಎಳೆದಿದ್ದರು. ಅವಳಿಗೆ ಅದು ಎಷ್ಟು ಇಷ್ಟವಾಯಿತು ಅಂದ್ರೆ ಈಗ ನೋಟ್‌ಬುಕ್ಕಿನಲ್ಲೂ ಹಾಗೇ ಬರೀತಾಳೆ.

ಇಂಥ ಮನೆಗೆ ಬಂದ ಅಳಿಯ ಮಿಶಿಗನ್ನಿನಲ್ಲಿ ಓದಿದವನು. ಹಬ್ಬಕ್ಕೆ ಬಂದು ಎರಡು ದಿನದಿಂದ ಬೈಸಿಕೊಳ್ಳುತ್ತಿದ್ದ. ಆಟ ಒಂದು ಕಡೆ ನಡೀತಿತ್ತು, ಆನ್ ಆರ್ಬರ್‌ನಲ್ಲಿ ಹಿಮ ಬೀಳುತ್ತಿತ್ತು, ನಾಲ್ಕು ವರ್ಷ ಸತತವಾಗಿ ಸೋತಿದ್ದ ನಮ್ಮೂರಿನವರು ಈ ಸಲ 27-9ರಿಂದ ಗೆದ್ದರು. ಅದು ಬಿಡಿ. ಸೋಫಾ ಮೇಲಿನ ಜಗಳ ಇದ್ದದ್ದು ಬೇರೆ ವಿಷಯಕ್ಕೆ. ಮಿಶಿಗನ್ 2023ರ ಕಪ್ ಗೆದ್ದಿದ್ದು ಮೋಸದಿಂದ ಅಂತ ಮಾವ, ಅಲ್ಲ ಅಂತ ಅಳಿಯ.

ವಿಷಯ ಇಷ್ಟು. ಕಾಲೇಜು ಫುಟ್‌ಬಾಲ್‌ನಲ್ಲಿ ಮುಂದಿನ ಆಟ ಏನು ಅಂತ ಕೋಚ್‌ಗಳು ಬೌಂಡರಿ ಗೆರೆಯಾಚೆ ನಿಂತು ಕೈಸನ್ನೆಯಲ್ಲಿ, ದೊಡ್ಡ ದೊಡ್ಡ ಚಿತ್ರದ ಬೋರ್ಡು ಎತ್ತಿ ತೋರಿಸಿ ಹೇಳುತ್ತಿದ್ದರು. ಎದುರು ಟೀಮು ಆಟದ ನಡುವೆಯೇ ಅದನ್ನ ನೋಡಿ ಊಹೆ ಮಾಡಿದರೆ ತಪ್ಪಿಲ್ಲ. ಆದರೆ ಮುಂದೆ ಎದುರಾಗುವ ಟೀಮಿನ ಬೇರೆ ಪಂದ್ಯಕ್ಕೆ ಮುಂಚೆಯೇ ಜನ ಕಳಿಸಿ ನೋಡಿಕೊಂಡು ಬರೋ ಹಾಗಿಲ್ಲ. ಹಾಗೆ ಊರೂರಿಗೆ ಜನ ಕಳಿಸೋ ದುಡ್ಡು ಸಣ್ಣ ಕಾಲೇಜುಗಳ ಹತ್ತಿರ ಎಲ್ಲಿರುತ್ತೆ, ಅದಕ್ಕೇ 1994ರಿಂದ ಈ ನಿಯಮ. ಮಿಶಿಗನ್ನಿನಲ್ಲಿ ಕಾನರ್ ಸ್ಟಾಲಿಯನ್ಸ್ ಅಂತ ಒಬ್ಬ ಸಣ್ಣ ನೌಕರ ಇದ್ದ. ಅವನು ಟಿಕೆಟ್ ಕೊಂಡು ಪರಿಚಯದವರಿಗೆ ಹಂಚಿ, ಫೋನಿನಲ್ಲಿ ಎದುರಾಳಿ ಕೋಚ್‌ಗಳ ಸನ್ನೆಗಳನ್ನು ವಿಡಿಯೋ ಮಾಡಿಸಿ ತರಿಸಿಕೊಳ್ಳುತ್ತಿದ್ದ. ಅದೂ ತನ್ನದೇ ಹೆಸರಿನಲ್ಲಿ ಟಿಕೆಟ್ ಕೊಂಡು! ಕಳ್ಳತನಕ್ಕೂ ರಸೀದಿ. 2023ರ ಅಕ್ಟೋಬರಿನಲ್ಲಿ ಹೊರಬಿತ್ತು. ಕೋಚ್ ಜಿಮ್ ಹಾರ್ಬಾ ಅವರನ್ನು ಲೀಗಿನ ಕೊನೇ ಮೂರು ಪಂದ್ಯಕ್ಕೆ ಹೊರಗಿಟ್ಟರು. ಟೀಮು ಮಾತ್ರ ಒಂದೂ ಸೋಲದೆ 15 ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು.

ಮುಂದಿನ ವರ್ಷದಿಂದ ಹೆಲ್ಮೆಟ್ಟಿನೊಳಗೆ ರೇಡಿಯೋ ಬಂತು. ಇನ್ನು ಕದಿಯೋಕೆ ಸನ್ನೆ ಎಲ್ಲಿ? ವೃತ್ತಿಪರ ಲೀಗಿನಲ್ಲಿ ಅದು ಯಾವ ಕಾಲದಿಂದಲೋ ಇತ್ತು. ಇವರಿಗೆ ಹೊಳೆಯೋಕೆ ಇಷ್ಟೆಲ್ಲ ರಾದ್ಧಾಂತ ಆಗಬೇಕಾಯಿತು.

ಕಾಲೇಜು ಆಟಗಳ ಮೇಲ್ವಿಚಾರಣೆ ಮಾಡುವ ಎನ್‌ಸಿಎಎ ತೀರ್ಪು ಬಂದಿದ್ದು 2025ರ ಆಗಸ್ಟಿನಲ್ಲಿ. ಇದಕ್ಕೆ ಸರಿಯಾದ ಶಿಕ್ಷೆ ಅಂದರೆ ಕೆಲವು ವರ್ಷ ಕೊನೆಯ ಹಂತದ ಪಂದ್ಯಗಳಿಂದ ಹೊರಗಿಡಬೇಕು, ಆದರೆ ಈಗಿನ ಹುಡುಗರು ಏನು ತಪ್ಪು ಮಾಡಿದ್ದಾರೆ, ಆದ್ದರಿಂದ ದಂಡ ಕಟ್ಟಿ ಅಂತ. ಎಲ್ಲ ಸೇರಿ ಎರಡು ಕೋಟಿ ಡಾಲರ್ ದಾಟಬಹುದು ಅಂತ ಪತ್ರಿಕೆಗಳು ಲೆಕ್ಕ ಹಾಕಿದವು. ಕಪ್ ಮಿಶಿಗನ್ನಿನಲ್ಲೇ ಉಳಿಯಿತು. ಅಳಿಯ ಇದನ್ನೇ ಹೇಳುತ್ತಿದ್ದ, ದಂಡ ಕಟ್ಟಿದ್ದೀವಲ್ಲ, ಮುಗೀತಲ್ಲ ಅಂತ. ಆಗಲೇ ನನ್ನ ಮಗಳು ಬಾಯಿ ಹಾಕಿದ್ದು.

ನನಗೆ ನಗು ತಡೆಯೋಕೆ ಆಗಲಿಲ್ಲ. ಇದನ್ನ ನಾವು ಎಲ್ಲೋ ಕೇಳಿದ್ದೀವಿ ಅಲ್ವಾ? ಬೆಂಗಳೂರಿನಲ್ಲಿ ಪ್ಲಾನಿಗಿಂತ ಎರಡು ಮಹಡಿ ಜಾಸ್ತಿ ಎಬ್ಬಿಸಿ, ಸೆಟ್‌ಬ್ಯಾಕ್ ಬಿಡದೆ ಪಕ್ಕದವನ ಕಿಟಕಿಗೆ ಗೋಡೆ ತಾಗಿಸಿ, ಆಮೇಲೆ ಅಕ್ರಮ-ಸಕ್ರಮ ಯಾವಾಗ ಬರುತ್ತೆ ಅಂತ ಕಾಯುವವರು ಎಷ್ಟು ಜನ ಇಲ್ಲ. ಒಂದೇ ವ್ಯತ್ಯಾಸ ಅಂದರೆ ನಮ್ಮಲ್ಲಿ ದಂಡ ಕಟ್ಟೋಕೆ ಜನ ತಯಾರಿದ್ದರೂ ಸ್ಕೀಮು ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡಿತು.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಸರ್ಕಾರಿ ಶಾಲೆಯ ಪಿಟಿ ಮೇಷ್ಟ್ರಾಗಿ ರಿಟೈರ್ ಆದವರು. ಆಟ ಯಾವುದಾದರೂ ಆಗಲಿ, ನಿಯಮ ಅಂದರೆ ಕಿವಿ ನೆಟ್ಟಗಾಗುತ್ತೆ.

"ಆ ಕೋಚ್‌ಗೆ ಏನಾಯ್ತೋ?"

"ಕಾಲೇಜು ಟೀಮ್ ಯಾವುದಕ್ಕೂ ಸೇರದ ಹಾಗೆ ಹತ್ತು ವರ್ಷ ಕಟ್ಟಿಹಾಕಿದ್ದಾರಪ್ಪ. ಆದರೆ ಅವರು ಕಪ್ ಗೆದ್ದ ತಿಂಗಳಲ್ಲೇ ಲಾಸ್ ಏಂಜಲೀಸ್‌ಗೆ ಹೋಗಿ ವೃತ್ತಿಪರ ಟೀಮಿಗೆ ಕೋಚ್ ಆದ್ರು. ಸಂಬಳ ಇನ್ನೂ ಜಾಸ್ತಿ."

"ಓ, ಟ್ರಾನ್ಸ್‌ಫರ್ ಆಯ್ತು ಅನ್ನು. ಪ್ರಮೋಷನ್ ಮೇಲೆ."

ಆಮೇಲೆ ಇಬ್ಬರೂ ಮೀಸೆ ಹುಡುಗನ ಕಥೆಗೆ ಜಾರಿದೆವು. ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟ, 14 ವರ್ಷದೊಳಗಿನವರ ಕಬಡ್ಡಿ. ಎದುರು ಶಾಲೆಯ ಟೀಮಿನಲ್ಲಿ ಒಬ್ಬ ರೈಡರ್. ಬೆಳಿಗ್ಗೆಯೇ ಗಡ್ಡ ಮೀಸೆ ಬೋಳಿಸಿಕೊಂಡು ಬಂದಿದ್ದಾನೆ, ಕೆನ್ನೆ ಹಸಿರು ತಿರುಗಿದೆ, ಗದ್ದದ ಹತ್ತಿರ ಬ್ಲೇಡು ತಾಗಿದ ಕಡೆ ಪೇಪರ್ ಚೂರು ಅಂಟಿಕೊಂಡಿದೆ. ಬಂದಿದ್ದು ಟಿವಿಎಸ್ ಓಡಿಸಿಕೊಂಡು. ಕಬಡ್ಡಿ ಕಬಡ್ಡಿ ಅಂತ ಗೆರೆ ದಾಟಿದರೆ ನಮ್ಮ ಹುಡುಗರು ಸುಮ್ನೆ ದಾರಿ ಬಿಡುತ್ತಿದ್ದರು. ನಮ್ಮೂರಿನವರು ಪ್ರೊಟೆಸ್ಟ್ ಕೊಟ್ಟರು. ವಯಸ್ಸಿನ ಸರ್ಟಿಫಿಕೇಟ್ ತೋರಿಸಿ, ಶೀಲು ಸಹಿ ತೋರಿಸಿ ಅಂತ ಸುಣ್ಣದ ಗೆರೆ ಅಳಿಸಿಹೋಗೋ ಅಷ್ಟು ಗಲಾಟೆ. ಸರ್ಟಿಫಿಕೇಟ್ ಸರಿಯಾಗೇ ಇತ್ತು, ಹೆಡ್‌ಮಾಸ್ಟರ್ ಸಹಿ ಸಮೇತ. ಸರ್ಟಿಫಿಕೇಟಿಗೆ ಎಲ್ಲಾದರೂ ಮೀಸೆ ಬರುತ್ತಾ?

"ಅದರ ಮುಂದಿನ ವರ್ಷ ನೆನಪಿದೆಯೇನೋ? ನಮ್ಮವರೂ ಒಬ್ಬ ಮೀಸೆಯವನನ್ನ ಹುಡುಕಿ ತಂದಿದ್ರು. ಆ ವರ್ಷ ಒಂದೇ ಒಂದು ಪ್ರೊಟೆಸ್ಟ್ ಇಲ್ಲ. ಅವರೂ ಕೊಡಲಿಲ್ಲ, ನಾವೂ ಕೊಡಲಿಲ್ಲ. ತಾಲ್ಲೂಕಲ್ಲೇ ಅಷ್ಟು ಶಾಂತವಾಗಿ ಕ್ರೀಡಾಕೂಟ ನಡೆದಿದ್ದು ಅದೊಂದೇ ಸಲ" ಅಂದರು ಅಪ್ಪ.

ಪಕ್ಕದ ಮನೆಯಲ್ಲಿ ಆ ದಿನ ನನ್ನ ಕಣ್ಣೆದುರೇ ಆಗಿದ್ದೂ ಇದೇ. ಅಳಿಯ ಸುಮ್ಮನೆ ಕೂರಲಿಲ್ಲ. 2010ರ ಲೆಕ್ಕ ತೆಗೆದ. ಒಹಾಯೋ ಸ್ಟೇಟ್ ಹುಡುಗರು ತಮ್ಮ ಜೆರ್ಸಿ, ಉಂಗುರ ಎಲ್ಲ ಮಾರಿ ದುಡ್ಡು ತಗೊಂಡು, ಹಚ್ಚೆ ಹಾಕಿಸಿಕೊಂಡು ಸಿಕ್ಕಿಬಿದ್ದಿದ್ದರು. ಮಾರಿದ್ದರಲ್ಲಿ ಮಿಶಿಗನ್ ಮೇಲೆ ಗೆದ್ದವರಿಗೆ ಕೊಡುವ ಪುಟಾಣಿ ಚಿನ್ನದ ಚಡ್ಡಿಯ ಪದಕವೂ ಇತ್ತು. ಹೌದು, ಚಡ್ಡಿ ಆಕಾರದ್ದೇ. ಕೋಚ್ ಜಿಮ್ ಟ್ರೆಸೆಲ್ ಗೊತ್ತಿದ್ದೂ ಮುಚ್ಚಿಟ್ಟರು, 2011ರ ಮೇ 30ರಂದು ರಾಜೀನಾಮೆ ಕೊಟ್ಟರು. ಆ ವರ್ಷದ ಗೆಲುವುಗಳನ್ನೆಲ್ಲ ದಾಖಲೆಯಿಂದ ಅಳಿಸಿದರು. 2012ರಲ್ಲಿ ಟೀಮು ಹನ್ನೆರಡಕ್ಕೆ ಹನ್ನೆರಡೂ ಗೆದ್ದು, ನಿಷೇಧ ಇದ್ದಿದ್ದರಿಂದ ಮುಂದಕ್ಕೆ ಆಡದೆ ಮನೆಯಲ್ಲಿ ಕೂತಿತು. "ಅದು ಆ ಹುಡುಗರದ್ದೇ ವಸ್ತು! ತಮ್ಮದನ್ನ ತಾವು ಮಾರಿದ್ರೆ ಏನು ತಪ್ಪು?" ಅಂತ ಮಾವ ಎದ್ದು ನಿಂತರು. ಇದರಲ್ಲಿ ನಾನು ಅವರ ಕಡೆ. 2021ರಿಂದ ಆಟಗಾರರು ಜಾಹೀರಾತಿನಲ್ಲಿ ರಾಜಾರೋಷವಾಗಿ ಸಂಪಾದಿಸುತ್ತಾರೆ, 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್ ತನಕ ಆಟಗಾರರಿಗೆ ಹಂಚಬಹುದು. ಆವತ್ತು ಹಚ್ಚೆಗೆ ಜೆರ್ಸಿ ಕೊಟ್ಟವನು ಕಳ್ಳ, ಇವತ್ತು ಲಕ್ಷಗಟ್ಟಲೆ ತಗೊಳ್ಳೋನು ಸ್ಟಾರ್.

ಅಷ್ಟು ಹೊತ್ತಿಗೆ ಮಗಳು ನಾಯಿ ಜೊತೆ ಅಂಗಳಕ್ಕೆ ಓಡಿದ್ದಳು. ಯಜಮಾನರ ಹೆಂಡತಿ ನರ್ಸ್ ಆಗಿದ್ದವರು. ಫುಟ್‌ಬಾಲ್ ನೋಡಲ್ಲ. ಪೈ ತಟ್ಟೆ ಎತ್ತಿಕೊಂಡು ಹೋಗೋಕೆ ಬಂದವರು ಗಂಡನಿಗೂ ಅಳಿಯನಿಗೂ ಸೇರಿಸಿ ಹೇಳಿದರು: "ಟಿಕೆಟ್ ಲೆಕ್ಕ ಇಟ್ಟಿದ್ದೀರಿ, ಹಚ್ಚೆ ಲೆಕ್ಕ ಇಟ್ಟಿದ್ದೀರಿ. ಡಾಕ್ಟರುಗಳ ವಿಷಯ ಮಾತ್ರ ಇಬ್ಬರೂ ಯಾವತ್ತೂ ಎತ್ತಲ್ಲ."

ರೂಮು ತಣ್ಣಗಾಯಿತು. ಟಿವಿ ಒಂದೇ ಕೂಗುತ್ತಿತ್ತು.

ಎರಡೂ ಯೂನಿವರ್ಸಿಟಿಯಲ್ಲಿ ಟೀಮಿನ ಡಾಕ್ಟರುಗಳೇ ವರ್ಷಗಟ್ಟಲೆ ವಿದ್ಯಾರ್ಥಿಗಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದರು. ಒಹಾಯೋ ಸ್ಟೇಟ್ ನೇಮಿಸಿದ ತನಿಖೆಯ ವರದಿ 2019ರಲ್ಲಿ ಬಂತು. ಒಬ್ಬನೇ ಡಾಕ್ಟರ್, ಕಡಿಮೆ ಅಂದರೆ 177 ಹುಡುಗರು, ದೂರು ಬಂದಿದ್ದು ಅಲ್ಲಿನವರಿಗೆ 1979ರಷ್ಟು ಹಿಂದೆಯೇ ಗೊತ್ತಿತ್ತು. ಮಿಶಿಗನ್ನಿನಲ್ಲೂ ಅದೇ ಕಥೆ, 2022ರಲ್ಲಿ ಸಾವಿರಕ್ಕೂ ಜಾಸ್ತಿ ಜನರಿಗೆ 49 ಕೋಟಿ ಡಾಲರ್ ಪರಿಹಾರ ಕೊಡೋಕೆ ಒಪ್ಪಿಕೊಂಡರು. ನಾನು ಇಲ್ಲಿಗೆ ಬಂದಾಗಿಂದ ಈ ಟೀಮುಗಳ ಪ್ರಾಮಾಣಿಕತೆ ಬಗ್ಗೆ ಜಗಳ ಕೇಳದ ನವೆಂಬರ್ ಇಲ್ಲ. ಆಫೀಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಮಕ್ಕಳ ಬರ್ತ್‌ಡೇಯಲ್ಲಿ. ಈ ಮಾತು ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ. ಎದುರಿನವನನ್ನು ಕೆಣಕೋಕೆ ಬರದ ತಪ್ಪು ಇದು. ಎತ್ತಿದರೆ ನಿಮ್ಮದೂ ಅಂತ ತಕ್ಷಣ ತಿರುಗಿ ಬರುತ್ತೆ.

ನಾವೇನು ಕಡಿಮೆ? ನನ್ನ ಆಫೀಸಿನಲ್ಲೊಬ್ಬ ಚೆನ್ನೈ ಗೆಳೆಯ. ಅವನ ಐಪಿಎಲ್ ಟೀಮು 2016, 17ರಲ್ಲಿ ಎರಡು ವರ್ಷ ಸಸ್ಪೆಂಡ್ ಆಗಿದ್ದನ್ನು ನಾನು ಮರೆಯೋಕೆ ಬಿಟ್ಟಿಲ್ಲ. ಅವನೂ ಬಿಡಲ್ಲ, ನಮ್ಮ ಕರ್ನಾಟಕದ ಕ್ರಿಕೆಟ್ ಲೀಗು ಕೆಪಿಎಲ್‌ನ ಫಿಕ್ಸಿಂಗ್ ತೆಗೀತಾನೆ. 2019ರಲ್ಲಿ ಆಟಗಾರರನ್ನು ಬಂಧಿಸಿದ್ದು, 2022ರಲ್ಲಿ ನಮ್ಮ ಹೈಕೋರ್ಟು ಮ್ಯಾಚ್ ಫಿಕ್ಸಿಂಗ್ ವಂಚನೆಯ ಕಲಮಿನ ಕೆಳಗೆ ಬರಲ್ಲ ಅಂತ ಕೇಸು ರದ್ದು ಮಾಡಿದ್ದು ಎಲ್ಲ ಅವನಿಗೆ ಬಾಯಿಪಾಠ. ನಮಗಿಂತ ಚೆನ್ನಾಗಿ ಗೊತ್ತು.

2025ರ ಜೂನ್ 3ರಂದು ನಮ್ಮ ಆರ್‌ಸಿಬಿಯವರು ಕಪ್ ಗೆದ್ದಾಗ ಇಲ್ಲಿ ಮಟಮಟ ಮಧ್ಯಾಹ್ನ. ಆಫೀಸಿನ ಮೀಟಿಂಗ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂಗಿದ್ದೆ. ಆ ಚೆನ್ನೈಯವನೇ ಜಿಲೇಬಿ ತಂದುಕೊಟ್ಟ. ಮಾರನೇ ದಿನ ಬೆಳಿಗ್ಗೆ ಕಾಫಿ ಹಿಡಿದು ಫೋನ್ ತೆಗೆದರೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಚೆಲ್ಲಾಡಿದ ಚಪ್ಪಲಿಗಳು. ಕಾಲ್ತುಳಿತದಲ್ಲಿ 11 ಜನ ಸತ್ತರು. ಬಹುಪಾಲು ಹುಡುಗ ಹುಡುಗಿಯರು. ಕೊಲಂಬಸ್‌ನಲ್ಲಿ ಲಕ್ಷ ಜನ ಪಂದ್ಯ ನೋಡಿ ಹೊರಗೆ ಬರುವಾಗ ಗೇಟು, ಬ್ಯಾರಿಕೇಡು, ಮುಚ್ಚಿದ ರಸ್ತೆ, ಆಂಬುಲೆನ್ಸ್ ನಿಲ್ಲುವ ಜಾಗ ಎಲ್ಲ ನೋಡಿದಾಗ ಆ ವಿಡಿಯೋ ನೆನಪಾಗದೆ ಇರಲ್ಲ. ಇಲ್ಲಿಯವರು ನಮಗಿಂತ ಒಳ್ಳೆಯವರು ಅಂತ ಹೇಳುತ್ತಿಲ್ಲ, ಕುಡಿದು ಸೋಫಾ ಸುಟ್ಟ ಹುಡುಗರೂ ಇಲ್ಲಿದ್ದಾರೆ. ಆದರೆ ಜನ ಬರುತ್ತಾರೆ ಅಂತ ಗೊತ್ತಿದ್ದಾಗ ಅದಕ್ಕೆ ಮೊದಲೇ ತಯಾರಿ ಮಾಡಿಕೊಳ್ಳುವುದು ಇವರಿಗೆ ಅಭ್ಯಾಸ ಆಗಿದೆ. ನಮಗೆ ಯಾಕೆ ಆಗಿಲ್ಲ?

ಈ ಪ್ರಶ್ನೆಯನ್ನೇ ಮೊನ್ನೆ ರಾತ್ರಿ ನಮ್ಮ ಇಂಜಿನಿಯರಿಂಗ್ ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಆ ಕಾಲ್ತುಳಿತದ ತನಿಖೆ ಮಾಡಿದ ಕುನ್ಹಾ ಆಯೋಗದ ವರದಿ ಜುಲೈನಲ್ಲೇ ಸರ್ಕಾರಕ್ಕೆ ಹೋಗಿದೆಯಲ್ಲ, ಯಾರಾದರೂ ಅದರ ಬಗ್ಗೆ ಓದಿದ್ದೀರಾ, ಮುಂದೇನಾಯ್ತು ಅಂತ. ಧೋನಿ ವಯಸ್ಸಿನ ಬಗ್ಗೆ ನಾಲ್ಕು ದಿನ ಜಗಳ ಆಡುವ ಗ್ರೂಪು ಅದು. ತುಂಬಾ ಹೊತ್ತು ಯಾರೂ ಏನೂ ಹಾಕಲಿಲ್ಲ. ಕೊನೆಗೆ ಒಬ್ಬ ಬರೆದ: "ಅದು ಬಿಡು ಗುರು, ಟೀಮ್ ಮಾರಾಟಕ್ಕಿದೆಯಂತೆ, ಯಾರು ತಗೋತಾರೆ ಹೇಳು." ಐದು ನಿಮಿಷದಲ್ಲಿ ಅರವತ್ತು ಮೆಸೇಜು ಬಂದವು.