ತಾತ ಬೂಟಲ್ಲಿ ಮಾತಾಡ್ತಿದ್ರಾ?

ಮೂರು ವಾರದ ಹಿಂದೆ, ಭಾನುವಾರ, ಫಿನ್‌ಲ್ಯಾಂಡಿನ ಎಸ್ಪೋದಲ್ಲಿರುವ ನಮ್ಮ ಮನೆಯಿಂದ ಊರಿನಲ್ಲಿರುವ ಅಪ್ಪನ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆವು. ಅಟ್ಟ ಖಾಲಿ ಮಾಡಿಸುವಾಗ ಏನೋ ಸಿಕ್ಕಿತು ಅಂತ ಅಪ್ಪ ಒಂದು ಪ್ಲಾಸ್ಟಿಕ್ ಕವರ್ ಬಿಚ್ಚತೊಡಗಿದರು. ಅದರೊಳಗೆ ಇನ್ನೊಂದು ಕವರ್. ಅದಕ್ಕೊಂದು ರಬ್ಬರ್ ಬ್ಯಾಂಡ್. ಕೊನೆಗೆ ಹೊರಗೆ ಬಂದಿದ್ದು ನಮ್ಮ ಮನೆಯ ಮೊದಲ ಮೊಬೈಲು, ನೋಕಿಯಾ 1100.

"ನೋಡು ಪುಟ್ಟಿ, ಇದು ನಿಮ್ಮ ದೇಶದ ಫೋನು!" ಅಂದರು ಮೊಮ್ಮಗಳಿಗೆ.

"ನಿಮ್ಮ ದೇಶ" ಅಂದಿದ್ದು ನನಗೆ ಚೂರು ಚುಚ್ಚಿತು. ಅದಿರಲಿ. ಏಳು ವರ್ಷದ ಪುಟ್ಟಿ ಫೋನನ್ನು ದಿಟ್ಟಿಸಿ ನೋಡಿದಳು. "ಏನಿದು?" ಅಂದಳು. ನೋಕಿಯಾ ಕಣೇ, ಅಂದರು ಅಪ್ಪ. ಅವಳು ಎದ್ದು ಬಾಗಿಲ ಹತ್ತಿರ ಓಡಿ, ಕೆಸರು ಮೆತ್ತಿದ ತನ್ನ ರಬ್ಬರ್ ಬೂಟು ಎತ್ತಿಕೊಂಡು ಬಂದು ಕ್ಯಾಮೆರಾ ಮುಂದೆ ಹಿಡಿದಳು. "ಅದಲ್ಲ ತಾತ, ಇದು ನೋಕಿಯಾ." ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಅಮ್ಮಾ, ತಾತ ಬೂಟಲ್ಲಿ ಮಾತಾಡ್ತಿದ್ರಾ?"

ಅಪ್ಪನಿಗೂ ಕೇಳಿಸಿತು. ಕೆಮ್ಮು ಬರುವಷ್ಟು ನಕ್ಕರು.

ಅವಳದ್ದೇನೂ ತಪ್ಪಿಲ್ಲ. ಅವಳ ಬೂಟಿನ ಮೇಲೆ 'ನೋಕಿಯನ್' ಅಂತಲೇ ಇದೆ, ಫಿನ್ನಿಶ್‌ನಲ್ಲಿ 'ನೋಕಿಯಾದ' ಅಂತ ಅರ್ಥ. ನಮ್ಮ ಕಾರಿನ ಚಳಿಗಾಲದ ಟೈರಿನ ಮೇಲೂ ಅದೇ ಹೆಸರು. ನೋಕಿಯಾ ಮೂಲದಲ್ಲಿ ಒಂದು ಊರು. ಇಲ್ಲಿನ ತಾಂಪೆರೆ ನಗರದ ಪಕ್ಕದಲ್ಲೇ ಇದೆ, ರೈಲು ನಿಲ್ಲುತ್ತೆ. 1865ರಲ್ಲಿ ಫ್ರೆಡ್ರಿಕ್ ಇಡೆಸ್ತಾಮ್ ಎಂಬಾತ ತಾಂಪೆರೆಯಲ್ಲಿ ಕಾಗದದ ತಿರುಳು ಮಾಡುವ ಮಿಲ್ಲು ಹಾಕಿದ. ಎರಡನೇ ಮಿಲ್ಲು ಹಾಕಿದ್ದು ಈ ನೋಕಿಯಾ ಊರಿನ ಹೊಳೆ ದಡದಲ್ಲಿ. ಮುಂದೆ 1967ರಲ್ಲಿ ಆ ಕಂಪನಿ, ಬೂಟು ಮಾಡುವ ರಬ್ಬರ್ ಕಂಪನಿ, ಒಂದು ಕೇಬಲ್ ಕಂಪನಿ ಮೂರೂ ಸೇರಿ ಒಂದಾದವು. ಬೂಟು, ಟೈರಿನವರು ಆಮೇಲೆ ಬೇರೆ ಮನೆ ಮಾಡಿಕೊಂಡು ಹೋದರು. ಒಟ್ಟಿನಲ್ಲಿ ಮೊದಲು ಬಂದಿದ್ದು ಬೂಟು, ಫೋನ್ ಆಮೇಲೆ. ಈಗ ಫೋನ್ ಹೋಯಿತು, ಬೂಟು ಉಳಿದಿದೆ.

ಕಂಪನಿ ಏನೂ ಹೋಗಿಲ್ಲ ಅಂತ ಇಲ್ಲಿನ ಕನ್ನಡದವರು ಯಾರಾದರೂ ತಕ್ಷಣ ನನ್ನನ್ನು ತಿದ್ದುತ್ತಾರೆ. ನಿಜ. ಟವರು, ನೆಟ್‌ವರ್ಕಿನ ಕೆಲಸ ಜೋರಾಗೇ ಇದೆ. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಿನ ನೋಕಿಯಾ ಆಫೀಸಿನಿಂದ ಎಸ್ಪೋಗೆ ಬಂದವರು ನಮ್ಮ ಗಣೇಶನ ಹಬ್ಬದಲ್ಲೇ ಸಿಗುತ್ತಾರೆ. ಆದರೆ ಅಪ್ಪ ಕವರ್ ಮೇಲೆ ಕವರ್ ಸುತ್ತಿ ಇಟ್ಟಿದ್ದು ಟವರನ್ನಲ್ಲ.

ಮೊಬೈಲಿಗೆ ಫಿನ್ನಿಶ್‌ನಲ್ಲಿ 'ಕ್ಯಾನ್ಯುಕ್ಕಾ' ಅನ್ನುತ್ತಾರೆ. ಕೈಗೆ ಸಂಬಂಧಪಟ್ಟ ಮಾತು. ಅದೂ ಒಂದು ಕಾಲಕ್ಕೆ ನೋಕಿಯಾ ಕೂಟದ ಟ್ರೇಡ್‌ಮಾರ್ಕು. ಎಲ್ಲರ ಬಾಯಲ್ಲೂ ಆಡಿ ಆಡಿ ಎಲ್ಲ ಕಂಪನಿಯ ಫೋನಿಗೂ ಅದೇ ಹೆಸರಾಯಿತು, ನಮ್ಮಲ್ಲಿ ಜೆರಾಕ್ಸ್ ಆದ ಹಾಗೆ.

ಅಪ್ಪ 1100 ತಂದಿದ್ದು ತಿಪಟೂರಿನಲ್ಲಿ ಕೊಬ್ಬರಿ ಮಾರಿ ಬಂದ ದಿನ. ಜೇಬಲ್ಲಿ ದುಡ್ಡಿತ್ತು, ತಲೆಯಲ್ಲಿ ಒಂದೇ ಯೋಚನೆ ಇತ್ತು: ಟಾರ್ಚು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಬರೋದೇ ರಾತ್ರಿ ಒಂದಕ್ಕೋ ಎರಡಕ್ಕೋ. ಮೋಟರ್ ಹಾಕಲು ತೋಟಕ್ಕೆ ಹೋಗಬೇಕು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬ್ಯಾಟರಿ, ಫೋನಿಗೆ ಮೂರನೇ ಕೈ ಎಲ್ಲಿಂದ ತರೋದು? ಈ ಸೆಟ್ಟಿನಲ್ಲಿ 'ಸಿ' ಬಟನ್ ಒತ್ತಿ ಹಿಡಿದರೆ ತಲೆಯ ಮೇಲಿನ ಪುಟ್ಟ ದೀಪ ಹತ್ತುತ್ತಿತ್ತು. ಕೀಪ್ಯಾಡು ಒಂದೇ ರಬ್ಬರ್ ಹಾಳೆ, ಸಂದಿಯೇ ಇಲ್ಲ, ಧೂಳು ಒಳಗೆ ಹೋಗುತ್ತಿರಲಿಲ್ಲ. ಒದ್ದೆ ಕೈಯಲ್ಲಿ ಹಿಡಿದರೂ ಜಾರುತ್ತಿರಲಿಲ್ಲ. 2003ರಲ್ಲಿ ಬಂದ ಈ ಫೋನು 25 ಕೋಟಿ ಮಾರಾಟವಾಯಿತು ಅಂತ ಓದಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ಅಪ್ಪ ರಾತ್ರಿ ತೋಟದಲ್ಲಿ ಅದರ ಬೆಳಕು ಬಿಡುತ್ತಿದ್ದುದು ಹಾವಿಗೆ ಹೆದರಿ. ಹಗಲು ನಾವು ಅದೇ ಫೋನಲ್ಲಿ ಹಾವು ಆಡಿಸುತ್ತಿದ್ದೆವು.

ಅದನ್ನು ಬಿಟ್ಟಿದ್ದೂ ಅಪ್ಪನೇ. ತೋಟದಲ್ಲಿ ಒಂದು ಸಿಮ್ಮಿಗೆ ಸಿಗ್ನಲ್ಲು, ಪೇಟೆಯಲ್ಲಿ ಇನ್ನೊಂದು ಸಿಮ್ಮಿಗೆ ಕಡಿಮೆ ರೇಟು. ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯ ಹುಡುಗ ಎರಡು ಸಿಮ್ಮಿನ ಚೈನಾ ಸೆಟ್ ತೋರಿಸಿದ. ಊರ ಜಾತ್ರೆಗೆ ಮೈಕು ಬೇಡ, ಅಷ್ಟು ಜೋರು ಸ್ಪೀಕರ್ರು. ಅಪ್ಪ ಅಲ್ಲೇ ಬದಲಾದರು. ನೋಕಿಯಾ ಎರಡು ಸಿಮ್ಮಿನ ಫೋನನ್ನು ನಮ್ಮ ಅಂಗಡಿಗಳಿಗೆ ಸರಿಯಾಗಿ ತಲುಪಿಸುವ ಹೊತ್ತಿಗೆ 2011 ಬಂದಿತ್ತು. ಅಷ್ಟರಲ್ಲಿ ನಮ್ಮೂರಲ್ಲಿ "ನೋಕಿಯಾ ದಪ್ಪ ಪಿನ್ ಇದ್ಯಾ?" ಅಂತ ಚಾರ್ಜರ್ ಕೇಳುವವರೇ ಕಡಿಮೆಯಾಗಿದ್ದರು. ಐಫೋನ್ ಬಂದು ನೋಕಿಯಾ ಮುಳುಗಿತು ಅಂತ ಎಲ್ಲರೂ ಬರೆಯುತ್ತಾರೆ. ದೊಡ್ಡ ಲೆಕ್ಕದಲ್ಲಿ ಸರಿಯೇ ಇರಬಹುದು. ನಮ್ಮ ತೆಂಗಿನ ತೋಟಕ್ಕಂತೂ ಐಫೋನ್ ಬಂದಿರಲಿಲ್ಲ.

ಇದನ್ನೆಲ್ಲ ಬರೆಯುವ ಯೋಚನೆ ನನಗಿರಲಿಲ್ಲ. ಬೂಟಿನ ಜೋಕು ಫ್ಯಾಮಿಲಿ ಗ್ರೂಪಿನಲ್ಲಿ ಒಂದು ದಿನ ಓಡಿ ಮುಗಿಯುತ್ತಿತ್ತು. ಆದರೆ ಮುಂದಿನ ಶನಿವಾರ ನಮ್ಮ ಬಿಲ್ಡಿಂಗಿನಲ್ಲಿ ತಾಲ್ಕೋತ್ ಇತ್ತು. ಎಲ್ಲ ಮನೆಯವರೂ ಸೇರಿ ಅಂಗಳದ ಎಲೆ ಗುಡಿಸಿ, ಕೊನೆಗೆ ಕಾಫಿ ಕುಡಿಯುವುದು. ನನ್ನ ಜೊತೆ ಕುಂಟೆ ಹಿಡಿದವರು ಕೆಳಮನೆಯ ತಾತ. ನಾಲ್ಕು ವರ್ಷದಲ್ಲಿ ನಾವಿಬ್ಬರೂ ಆಡಿದ್ದು "ಮೊಯ್", ಅಂದರೆ ನಮಸ್ಕಾರ, ಅನ್ನುವ ಒಂದೇ ಮಾತು. ಇಲ್ಲಿ ಅದು ಒಳ್ಳೆಯ ಸಂಬಂಧವೇ.

ಸುಮ್ನೆ ಮೌನ ಒಡೆಯೋಣ ಅಂತ ಬೂಟಿನ ಕಥೆ ಹೇಳಿದೆ. ಅರ್ಧ ಫಿನ್ನಿಶ್, ಅರ್ಧ ಇಂಗ್ಲಿಷ್. ಅವರು ಕುಂಟೆ ನಿಲ್ಲಿಸಿ ನಕ್ಕರು. ಆಮೇಲೆ, "1100ಆ? ನಾನು ಸಾಲೋದಲ್ಲಿದ್ದೆ" ಅಂದರು.

ಸಾಲೋ ಅಂದರೆ ಎಸ್ಪೋದಿಂದ ತುರ್ಕು ಕಡೆ ಹೋಗುವ ದಾರಿಯಲ್ಲಿ ಸಿಗುವ ಊರು. ನೋಕಿಯಾ ಫೋನುಗಳ ಊರು ಅಂದರೆ ನಿಜವಾಗಿ ಅದೇ. ಆ ಕಾಲದಲ್ಲಿ ಊರಲ್ಲಿ ಮನೆಗೊಬ್ಬರು ಅಲ್ಲಿ ಕೆಲಸಕ್ಕಿದ್ದರಂತೆ. ಇವರು ಅಸೆಂಬ್ಲಿ ಲೈನಿನ ಮೆಷಿನ್ನುಗಳ ಉಸ್ತುವಾರಿ. ಪ್ರಪಂಚದಲ್ಲಿ ಮಾರುವ ಹತ್ತು ಫೋನಿನಲ್ಲಿ ಹೆಚ್ಚುಕಮ್ಮಿ ನಾಲ್ಕು ತಮ್ಮವೇ ಆಗಿದ್ದ ಕಾಲವನ್ನೂ ಅವರು ನೋಡಿದ್ದಾರೆ. 2011ರ ಫೆಬ್ರವರಿಯಲ್ಲಿ ಆಗಿನ ಮುಖ್ಯಸ್ಥ ಸ್ಟೀಫನ್ ಎಲೋಪ್ ಬರೆದ ಪತ್ರವನ್ನೂ ಓದಿದ್ದಾರೆ. ಸಮುದ್ರದ ನಡುವಿನ ಎಣ್ಣೆ ಬಾವಿಯ ಅಟ್ಟಣಿಗೆಗೆ ಬೆಂಕಿ ಬಿದ್ದಿದೆ, ನಿಂತರೆ ಸುಡುತ್ತೇವೆ, ನೀರಿಗೆ ಹಾರಲೇಬೇಕು ಎಂಬ ಧಾಟಿಯ ಪತ್ರ. "ಓದಿದೆವು. ಆಮೇಲೆ ಲೈನ್ ಓಡಿಸಿದೆವು. ಇನ್ನೇನು ಮಾಡೋದು?" ಅಂದರು. ಮುಂದಿನ ವರ್ಷ, 2012ರಲ್ಲಿ, ಸಾಲೋದಲ್ಲಿ ಫೋನ್ ಜೋಡಿಸುವುದೇ ನಿಂತಿತು.

ಅದನ್ನು ಮಳೆ ಬಂತು ಅನ್ನುವ ಹಾಗೆ ಹೇಳಿದರು. ಕೆಲಸದಿಂದ ತೆಗೆಯುವ ಮೊದಲು ನಡೆಯುವ ಮಾತುಕತೆಗೆ ಇಲ್ಲಿ ಎರಡಕ್ಷರದ ಹೆಸರಿದೆ, ವೈ ಮತ್ತು ಟಿ. ಆ ಎರಡಕ್ಷರ ಕೇಳಿದರೆ ಇಡೀ ದೇಶಕ್ಕೆ ಹೊಟ್ಟೆ ತೊಳಸುತ್ತೆ. ಆದರೂ ಸರ್ಕಾರ ಕೈ ಬಿಡಲಿಲ್ಲ, ಕಂಪನಿಯೂ ಸ್ವಂತ ಉದ್ಯೋಗ ಮಾಡುವವರಿಗೆ ತಲಾ 25 ಸಾವಿರ ಯೂರೋವರೆಗೆ ಕೊಟ್ಟಿತು. ಇವರ ಜೊತೆಗಾರನೊಬ್ಬ ಐವತ್ತು ದಾಟಿದ ಮೇಲೆ ಕಲಿಯಲು ಹೋಗಿ ಬಸ್ ಡ್ರೈವರ್ ಆದನಂತೆ. ಹಾಗಂತ ಎಲ್ಲ ಸುಖವಾಗೇನೂ ಇರಲಿಲ್ಲ. ಇವರು ಸಾಲೋದ ಮನೆ ಮಾರಲು ಮೂರು ವರ್ಷ ಕಾದರು. ಕೊಳ್ಳುವವರೇ ಇರಲಿಲ್ಲ.

ಕಾಫಿಗೆ ಕೂತೆವು. ಏಲಕ್ಕಿ ಹಾಕಿದ ಬನ್ನು ಇತ್ತು. ಇವರ ಬನ್ನಿನಲ್ಲಿ ಏಲಕ್ಕಿ ಯಾಕಿದೆಯೋ, ಬಾಯಿಗಿಟ್ಟರೆ ಸಾಕು ನನಗೆ ಊರ ಹಬ್ಬ ನೆನಪಾಗುತ್ತೆ. ತಾತ ತಟ್ಟನೆ ಹೇಳಿದರು: "ನಾನು ನಿಮ್ಮ ದೇಶಕ್ಕೆ ಬಂದಿದ್ದೆ. ಚೆನ್ನೈ. 2006ರಲ್ಲಿ."

ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ ನೋಕಿಯಾ ಫ್ಯಾಕ್ಟರಿ ಶುರುವಾದ ವರ್ಷ. ಲೈನ್ ಕೂರಿಸಿ, ಕೆಲಸ ಹೇಳಿಕೊಡಲು ಹೋಗಿದ್ದರು. ಕಲಿಯಲು ಬಂದವರು ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು. ಸುತ್ತಲ ಹಳ್ಳಿಗಳಿಂದ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದರು. ಒಳಗೆ ಹೋಗುವಾಗ ಎಲ್ಲರಿಗೂ ಕೋಟು, ಟೋಪಿ. "ಟೋಪಿಯೊಳಗೆ ಒಂದು ಬಿಳಿ ಹೂವು ಮುಡಿದಿರುತ್ತಿದ್ದರು. ಬೆಳಿಗ್ಗೆ ಶಿಫ್ಟಿನಲ್ಲಿ ಇಡೀ ಲೈನು ಅದರದ್ದೇ ವಾಸನೆ. ನಿಯಮದ ಪ್ರಕಾರ ತೆಗೆಸಬೇಕಿತ್ತು. ನಾನು ಮೂಗಿಲ್ಲದವನ ಹಾಗೆ ಇದ್ದೆ."

"ಮಲ್ಲಿಗೆ" ಅಂದೆ.

"ಮಲ್ಲಿಗೆ" ಅಂತ ಎರಡು ಸಲ ಹೇಳಿಕೊಂಡರು. ಆಮೇಲೆ ಕೇಳಿದರು: "ಆ ಹುಡುಗಿಯರಿಗೆ ಆಮೇಲೆ ಕೆಲಸ ಸಿಕ್ಕಿತಾ?"

ನನ್ನ ಬಾಯಲ್ಲಿ ಬನ್ನಿತ್ತು, ಒಳ್ಳೆಯದೇ ಆಯಿತು. ನುಂಗಿ ಆದಮೇಲೆ ಹೇಳಿದ್ದು ಇಷ್ಟು: "ನಾನು ಆ ಕಡೆಯವಳಲ್ಲ. ಬೆಂಗಳೂರಿನ ಕಡೆ." ಎಷ್ಟು ದೂರ ಅಂತ ಕೇಳಿದರು. ಸುಮಾರು 300 ಕಿಲೋಮೀಟರ್ ಅಂದೆ. ಅವರು ಎಸ್ಪೋದಿಂದ ಆ ಹುಡುಗಿಯರನ್ನು ನೆನೆಯುತ್ತಿದ್ದರು. ನನಗೆ 300 ಕಿಲೋಮೀಟರ್ ದೂರವಾಗಿತ್ತು.

ರಾತ್ರಿ ಕೂತು ಓದಿದೆ. 2013ರ ಸೆಪ್ಟೆಂಬರಿನಲ್ಲಿ ಫೋನಿನ ವ್ಯಾಪಾರವನ್ನು ಮೈಕ್ರೋಸಾಫ್ಟಿಗೆ 544 ಕೋಟಿ ಯೂರೋಗೆ ಮಾರುವ ಒಪ್ಪಂದವಾಯಿತು. 2014ರ ಏಪ್ರಿಲಿನಲ್ಲಿ ಕೈ ಬದಲಾಯಿತು. ತೆರಿಗೆ ತಕರಾರಿನಲ್ಲಿ ಸಿಕ್ಕಿಕೊಂಡಿದ್ದರಿಂದ ಶ್ರೀಪೆರಂಬುದೂರಿನ ಫ್ಯಾಕ್ಟರಿ ಆ ಒಪ್ಪಂದದಲ್ಲಿ ಹೋಗಲಿಲ್ಲ. ಸಾವಿರಾರು ಜನ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತಗೊಂಡರು. 2014ರ ನವೆಂಬರ್ 1ಕ್ಕೆ ಲೈನು ನಿಂತಿತು. ಕನ್ನಡ ರಾಜ್ಯೋತ್ಸವ. ಆವತ್ತು ನಾನು ಬೆಂಗಳೂರಿನಲ್ಲಿ ಹಳದಿ ಕೆಂಪು ದುಪಟ್ಟಾ ಹಾಕಿಕೊಂಡು ಆಫೀಸಿನ ಫೋಟೋಗೆ ನಿಂತಿದ್ದೆ. ಅದೇ ವರ್ಷವೇ ಇರಬೇಕು, ನೋಕಿಯಾ 3310ನ್ನು ಕಲ್ಲಿನ ಮೇಲೆ ಎಸೆದರೆ ಕಲ್ಲೇ ಒಡೆಯುವ ಜೋಕನ್ನು ಹತ್ತು ಜನಕ್ಕೆ ಕಳಿಸಿದ್ದೆ. ಅಂಥ ಗಟ್ಟಿ ಫೋನು ಈಗ ಎಲ್ಲಿ ಬರುತ್ತೆ ಅಂತ ನಿಟ್ಟುಸಿರು ಬೇರೆ.

ಐದು ವರ್ಷದ ಮೇಲೆ, 2019ರಲ್ಲಿ, ಅದೇ ಫ್ಯಾಕ್ಟರಿಯನ್ನು ಸಾಲ್‌ಕಾಂಪ್ ಅನ್ನುವ ಚಾರ್ಜರ್ ಕಂಪನಿ ತಗೊಳ್ಳುತ್ತೆ ಅಂತ ಸುದ್ದಿ ಬಂತು. ಆ ಕಂಪನಿಯೂ ಸಾಲೋದ್ದೇ! ಓದಿ ಖುಷಿಯಾಯಿತು, ತಾತನಿಗೆ ಹೇಳೋಣ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. 2006ರಲ್ಲಿ ಇಪ್ಪತ್ತು ವರ್ಷ ಆಗಿದ್ದವಳಿಗೆ ಆ ಹೊತ್ತಿಗೆ ಮೂವತ್ಮೂರು. ಲೈನಿಗೆ ಮತ್ತೆ ಬೇಕಾಗಿರೋದು ಇಪ್ಪತ್ತರವರು. ತಾತನಿಗೆ ಇದೆಲ್ಲ ಗೊತ್ತೇ ಇರುತ್ತೆ, ಸಾಲೋದವರು ಪೇಪರ್ ಓದದೆ ಇರುತ್ತಾರಾ? ಪೇಪರಿನಲ್ಲಿ ಇಲ್ಲದ್ದನ್ನು ಅವರು ನನ್ನ ಹತ್ತಿರ ಕೇಳಿದ್ದರು.

ವಿಆರ್‌ಎಸ್ ಅನ್ನುವ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ನಮ್ಮ ಮನೆಯಲ್ಲಿ ಅದು ಹಳೇ ಮಾತು. ನಮ್ಮ ಚಿಕ್ಕಪ್ಪ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಅದು ಮುಚ್ಚುವ ಹೊತ್ತಿಗೆ ನಲವತ್ತಾರು ವಯಸ್ಸು. ವಿಆರ್‌ಎಸ್ ತಗೊಂಡು, ಆಮೇಲೆ ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ಇಟ್ಟರು. ಮದುವೆ, ಮುಂಜಿ, ತಿಥಿ ಎಲ್ಲಿ ಸಿಕ್ಕಿದರೂ ನೆಂಟರು ಕೇಳುತ್ತಿದ್ದುದು ಒಂದೇ: "ಎಷ್ಟು ಬಂತು?" ದುಡ್ಡು ಎಷ್ಟು ಬಂತು ಅಂತ. ಚಿಕ್ಕಪ್ಪ ನಕ್ಕು, ಊಟದ ಎಲೆ ಕಡೆ ನೋಡುತ್ತಿದ್ದರು. ನಾನು ಅಷ್ಟನ್ನೂ ಕೇಳಿದವಳಲ್ಲ. ದೊಡ್ಡವರ ವಿಷಯ ಅಂತ ಸುಮ್ಮನಿದ್ದೆ. ಕೆಲಸಕ್ಕೆ ಸೇರಿದ ಮೇಲೂ ಸುಮ್ಮನೇ ಇದ್ದೆ.

ಹೋದ ವಾರ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ತಾತನ ಪ್ರಶ್ನೆಯನ್ನು ಹೇಗೆ ಕೇಳೋದು ಗೊತ್ತಾಗದೆ ಹೀಗೆ ಕೇಳಿದೆ: "ಚಿಕ್ಕಪ್ಪ, ಫ್ಯಾಕ್ಟರಿ ನಿಂತಿತಲ್ಲ, ಮಾರನೇ ದಿನ ಬೆಳಿಗ್ಗೆ ಏನು ಮಾಡಿದ್ರಿ?"

"ಈಗ್ಯಾಕಮ್ಮ ಅದು?" ಅಂದರು. ಸ್ವಲ್ಪ ಹೊತ್ತು ಅಂಗಡಿಯ ಮೆಷಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. "ಸೆಟಲ್‌ಮೆಂಟ್ ಕಾಗದ ಬಾಕಿ ಇದೆ ಅಂತ ನಿಮ್ಮ ಚಿಕ್ಕಮ್ಮನಿಗೆ ಹೇಳಿ, ಡಬ್ಬಿ ಕಟ್ಟಿಸ್ಕೊಂಡು, ಯಾವಾಗಿನ ಟೈಮಿಗೇ ಬಸ್ ಸ್ಟಾಪಿಗೆ ಹೋದೆ. ಕಂಪನಿ ಬಸ್ ಬರಲ್ಲ ಅಂತ ಗೊತ್ತಿತ್ತು. ನೋಡಿದ್ರೆ ನಮ್ಮ ಸೆಕ್ಷನ್ನಿನವರು ಇನ್ನೂ ಮೂರು ಜನ ಅಲ್ಲೇ ನಿಂತಿದಾರೆ, ಡಬ್ಬಿ ಹಿಡ್ಕೊಂಡು."

"ಆಮೇಲೆ?"

"ಆಮೇಲೇನು, ಪಾರ್ಕಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ತಿಂದ್ವಿ. ಚಿತ್ರಾನ್ನ ಕಟ್ಟಿದ್ಲು. ಒಂದು ವಾರ ಹಾಗೇ ಹೋದ್ವಿ. ಚಿಕ್ಕಮ್ಮನಿಗೆ ಹೇಳಬೇಡ ಮತ್ತೆ."